ಉಬೋನ್ ಆಡದ ಮಾತು

ಮೀನು ಮಾರುವ ಸುನೀ ತೂಕ ಮುಗಿಸಿ ಚೀಲಕ್ಕೆ ಸುರಿದ ಮೇಲೆ ಇನ್ನೆರಡು ಬಂಗುಡೆ ಎತ್ತಿ ಹಾಕಿದಳು. ಲಮುನ್‌ಗೆ ಕಸಿವಿಸಿ ಶುರುವಾದದ್ದು ಅಲ್ಲಿಂದ. ಸುನೀ ಹಾಗೆ ಹಾಕುವ ಹೆಂಗಸಲ್ಲ. ಮೀನಿನ ಜೊತೆ ಮಂಜುಗಡ್ಡೆಯನ್ನೂ ತೂಗಿ ಕೊಡುವವಳು, ಚೌಕಾಸಿ ಮಾಡಿದರೆ ಸಮುದ್ರ ಅಲ್ಲೇ ಇದೆ, ಹೋಗಿ ಹಿಡ್ಕೊಳ್ಳಿ ಅನ್ನುವವಳು. ಇವತ್ತು ಮಾತ್ರ ತಲೆಯೆತ್ತದೆ, "ತಗೊಳ್ಳಿ ಲಮುನಕ್ಕ. ಹುರ್ಕೊಂಡು ತಿನ್ನಿ. ಒಬ್ರೇ ಅಂತ ಅಡುಗೆ ಬಿಡಬೇಡಿ" ಎಂದಳು. ಒಬ್ರೇ ಎಂಬ ಆ ಮಾತು ಮೀನಿನ ಮುಳ್ಳಿನಂತೆ ಎಲ್ಲೋ ಚುಚ್ಚಿ ನಿಂತಿತು. ತಾಯಿ ತೀರಿಕೊಂಡ ಮೇಲೆ ತೋಟದ ಕೊನೆಯಲ್ಲಿರುವ ಮರದ ಮನೆಯಲ್ಲಿ ಲಮುನ್ ಒಬ್ಬಳೇ ಇರುವುದು ಊರಿಗೆ ಹೊಸದಲ್ಲ, ಆದರೆ ಅದನ್ನು ಇದುವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಕುಂಟನಿಗೆ ಕಾಲು ಕುಂಟು ಎಂದು ಯಾರೂ ಹೇಳದ ಹಾಗೆ. ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿ, ಒಬ್ಬಳು ಇವಳ ತೋಳನ್ನು ಸುಮ್ಮನೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. ಬೈಕಿನ ಹತ್ತಿರ ಬಂದವಳೇ ಲಮುನ್ ಕನ್ನಡಿ ತಿರುಗಿಸಿ ಮುಖ ನೋಡಿಕೊಂಡಳು. ಯಾವುದೋ ಕಾಯಿಲೆಯ ಗುರುತು ಮುಖದ ಮೇಲೆ ಎದ್ದಿದ್ದು, ತನಗೊಬ್ಬಳಿಗೇ ಕಾಣದೆ ಊರಿಗೆಲ್ಲ ಕಂಡಿದೆಯೇನೋ. ಕನ್ನಡಿಯಲ್ಲಿ ನಿನ್ನೆಯ ಮುಖವೇ ಇತ್ತು.

ಮುಖ ನೋಡಿ ಜನ ಅವಳನ್ನು ಗುರುತಿಸುವುದೂ ಕಡಿಮೆಯೇ. ಡೊನ್ ತಖಿಯನ್ ತೆಂಗಿನ ತೋಟಗಳ ನಡುವೆ ಚೆದುರಿ ಬಿದ್ದ ಊರು. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದು. ಅದಕ್ಕೇ ಊರ ಮುಖಂಡನ ಮನೆಯ ಪಕ್ಕದ ಕೋಣೆಯಲ್ಲಿ ಮೈಕು, ಕಂಬಗಳ ಮೇಲೆ ಧ್ವನಿವರ್ಧಕಗಳು. ಭಿಕ್ಷುಗಳು ಭಿಕ್ಷೆ ಮುಗಿಸಿ ವಿಹಾರಕ್ಕೆ ಮರಳುವ ಹೊತ್ತಿಗೆ ಲಮುನ್‌ಳ ಧ್ವನಿ ಎದ್ದು ತೋಟ, ಕಾಲುವೆ, ರೈಲು ಹಳಿ ದಾಟಿ ಹೋಗುತ್ತದೆ. ನಾಳೆ ನೀರು ಬರುವುದಿಲ್ಲ. ತೆಂಗಿನ ಕಪ್ಪುತಲೆ ಹುಳುವಿನ ಔಷಧಿ ಬಂದಿದೆ. ವಿಹಾರದ ಅಂಗಳದಲ್ಲಿ ನಾಯಿಗಳಿಗೆ ಚುಚ್ಚುಮದ್ದು. ಇಂಥವರು ತೀರಿಕೊಂಡಿದ್ದಾರೆ, ಇಂಥ ದಿನ ದಹನ. ಮಕ್ಕಳು ಅವಳನ್ನು ಮೈಕಮ್ಮ ಎನ್ನುತ್ತವೆ. ಹಿಂದಿನ ಮುಖಂಡ, ಈಗಿನವನ ಅಪ್ಪ, ಅವಳನ್ನು ಆರಿಸಿದ್ದು ಧ್ವನಿಗಾಗಿ: "ನಿನ್ನ ದನಿ ನೆಟ್ಟಗಿದೆ ಮಗಳೇ, ಎತ್ತಲೂ ವಾಲೋದಿಲ್ಲ." ಮದುವೆಯಾಗದ ಹುಡುಗಿಗೆ ಸಿಕ್ಕ ಅದೊಂದೇ ಹೊಗಳಿಕೆಯನ್ನು ಅವಳು ಇಷ್ಟು ವರ್ಷ ಅಡಿಕೆಯ ಹಾಗೆ ದವಡೆಯಲ್ಲಿಟ್ಟುಕೊಂಡು ಬಂದಿದ್ದಳು. ಬೆಳಿಗ್ಗೆ ಎಲ್ಲರ ಮನೆಯೊಳಗೂ ಹೋಗುತ್ತೇನೆ, ಎಲ್ಲರ ಒಲೆಯ ಮುಂದೆಯೂ ಕೂರುತ್ತೇನೆ, ಯಾರೂ ಬಾ ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ ಎಂದು ಕೆಲವೊಮ್ಮೆ ಅವಳಿಗೆ ಅನ್ನಿಸುವುದುಂಟು. ಆಮೇಲೆ ದಿನವೆಲ್ಲ ಕಾಯಿ ಬೀಳುವ ಸದ್ದು, ಗರಿಯ ಕಡ್ಡಿ ಸವರಿ ಪೊರಕೆ ಕಟ್ಟುವ ಸದ್ದು, ಗಾಳಿ ಮೂಡಣದಿಂದ ಬಂದರೆ ಕಾಣದ ಸಮುದ್ರದ ಸದ್ದು.

ರೈಲ್ವೆ ಗೇಟಿನ ಪಕ್ಕದ ಕಾಫಿ ಅಂಗಡಿಯ ಮುಂದೆ ಗೇಟು ಬಿದ್ದಿತ್ತು. ನಿಲ್ಲಲೇಬೇಕಾಯಿತು. ಕಾಯಿ ಕೀಳುವ ಕೋತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ತೊಂಗ್ಬಾಯ್ ಅಲ್ಲೇ ನಿಂತಿದ್ದ. ಬೆಂಚಿನ ಮೇಲೆ ಇನ್ನೂ ಕೆಲವರು. ಯಾರೂ ದಿನದಂತೆ ಕತ್ತಾಡಿಸಲಿಲ್ಲ, ಲೋಟಗಳನ್ನು ನೋಡಿಕೊಂಡರು. ಕೋತಿ ಮಾತ್ರ ಅವಳನ್ನು ನೇರವಾಗಿ ನೋಡಿತು.

"ಲಮುನಕ್ಕ," ಎಂದ ತೊಂಗ್ಬಾಯ್, "ನಾಳೆ ನಿಮ್ಮದು ಮುಗಿದ ಮೇಲೆ ನನ್ನ ಹೆಂಡ್ತಿ ಥರಾನೂ ಒಂದ್ನಾಲ್ಕು ಮಾತಾಡಿಬಿಡಿ. ಹೋದ ವಾರದಿಂದ ಬಾಯಿ ಬಿಟ್ಟಿಲ್ಲ ಅವಳು. ನಿಮ್ಮ ಬಾಯಲ್ಲಾದ್ರೂ ಕೇಳ್ತೀನಿ."

"ಥೂ, ಸುಮ್ನಿರೋ," ಎಂದು ಅಂಗಡಿಯವನು ಗದರಿದ. "ಕೋತಿ ಜೊತೆ ಇದ್ದೂ ಇದ್ದೂ ಬುದ್ಧೀನೂ ಅದರದ್ದೇ ಬಂದಿದೆ. ಅಕ್ಕ, ನೀವು ಹೋಗಿ, ಇವನದ್ದು ಇದ್ದದ್ದೇ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ನಗಬೇಕಾದವರು ನಗದೆ ಕೂತಾಗ ಇದು ಬರೀ ತಮಾಷೆಯಲ್ಲ ಎಂದು ತಿಳಿಯಿತು. ದಕ್ಷಿಣಕ್ಕೆ ಹೋಗುವ ರೈಲು ದಡದಡ ಎಂದು ಹಾದುಹೋಯಿತು, ಕಿಟಕಿಗಳಲ್ಲಿ ಯಾರ್‍ಯಾರದೋ ನಿದ್ದೆಗಣ್ಣಿನ ಮುಖಗಳು, ಅವರಿಗೆ ತನ್ನ ವಿಷಯ ಗೊತ್ತಿಲ್ಲ ಎಂದು ಅವಳು ಯೋಚಿಸಿದಳು, ಯಾವ ವಿಷಯ ಎಂದು ತನಗೇ ಇನ್ನೂ ಗೊತ್ತಿಲ್ಲದೆ. ಗೇಟು ಎದ್ದದ್ದು ನೋಡದೆ ನಿಂತೇ ಇದ್ದಳು. ಹಿಂದಿನವರು ಹಾರ್ನ್ ಒತ್ತಲಿಲ್ಲ. ಅದೂ ದಯೆಯೇ.

ಮುಖಂಡನ ಹೆಂಡತಿ ರಂಪೈ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಲಮುನ್ ಬಂದದ್ದು ಕಂಡು ಒದ್ದೆ ಲುಂಗಿಯನ್ನು ಮತ್ತೆ ಬುಟ್ಟಿಗೆ ಹಾಕಿ, ಎತ್ತಿ, ಮತ್ತೆ ಹಾಕಿದಳು.

"ಮೈಕು," ಎಂದಳು ಲಮುನ್. "ಬೆಳಿಗ್ಗೆ ಆಫ್ ಆಗಿರಲಿಲ್ವಾ?"

"ಹೊಸ ಪೆಟ್ಟಿಗೆ ಅಲ್ವಾ ಅಕ್ಕ. ಆ ಗುಂಡಿ ಪೂರ್ತಿ ತಿರುಗಿಸಬೇಕಂತೆ. ಕೆಂಪು ದೀಪ ಆರೋ ತನಕ. ನೀವು ಅರ್ಧಕ್ಕೇ ಬಿಟ್ಟಿರಬೇಕು."

"ನನಗೆ ಕೇಳಿಸಲೇ ಇಲ್ಲ."

"ಇಲ್ಲಿನ ಕಂಬದ್ದು ಸಿಡಿಲಿಗೆ ಸುಟ್ಟುಹೋಗಿದೆಯಲ್ಲ. ವಿಹಾರದ್ದು, ಗೇಟಿನದು, ಕಾಲುವೆದು ಮಾತ್ರ ಇರೋದು. ಜೊತೆಗೆ ನಿಮ್ಮ ಫ್ಯಾನಿನ ಸದ್ದು." ರಂಪೈ ಬಟ್ಟೆ ಹಿಂಡಿದಳು, ನೀರು ಇಲ್ಲದ ಬಟ್ಟೆಯನ್ನು. "ನಮ್ಮನೆಯವರು ವಿಹಾರದ ಹತ್ರ ಇದ್ರು. ಓಡಿ ಬಂದು ಆಫ್ ಮಾಡ್ತೀನಿ ಅಂತ ಫೋನ್ ಮಾಡಿದ್ರು. ನಾನೇ ಬೇಡ ಅಂದೆ."

"ಯಾಕೆ?"

"ಬಾಗಿಲು ತಳ್ಳಿ ಒಳಗೆ ಬಂದ್ರೆ ನಿಮಗೆ ಗೊತ್ತಾಗಿಬಿಡುತ್ತಲ್ಲ ಅಕ್ಕ. ಹೇಗೂ ಊರೆಲ್ಲ ಕೇಳಿ ಆಗಿತ್ತು. ನಿಮಗೊಬ್ಬರಿಗಾದ್ರೂ ಗೊತ್ತಾಗೋದು ಬೇಡ ಅಂತ."

ಲಮುನ್ ತಂತಿಯ ಮೇಲಿನ ಬಟ್ಟೆಗಳನ್ನು ನೋಡಿದಳು. ಮುಖಂಡನ ಬನಿಯನ್ನುಗಳು, ಸಾಲಾಗಿ, ತೋಳು ಕೆಳಗೆ ಮಾಡಿ.

"ನನ್ನ ಸಾರು ಪಾತ್ರೆ ತೊಳೆದ ನೀರು ಅಂದ್ರಿ," ಎಂದಳು ರಂಪೈ, ಕೊನೆಗೆ, ಸಣ್ಣ ದನಿಯಲ್ಲಿ. "ಅಂದದ್ದು ನೀವೋ ಉಬೋನಕ್ಕನೋ, ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತಾನೇ ತಿಳೀಲಿಲ್ಲ. ಹೋಗ್ಲಿ ಬಿಡಿ. ಇವರು ಹೇಳ್ತಿದ್ರು, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಲಿ, ಈಗ ಎಲ್ಲರ ಹತ್ರಾನೂ ಫೋನಿದೆ, ಸುದ್ದಿ ಅದರಲ್ಲೇ ಹಾಕಿದ್ರಾಯ್ತು ಅಂತ."

ಹಾಗಾದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಬೈಕು ಎತ್ತ ಹೋಗುತ್ತಿದೆ ಎಂದು ಗಮನಿಸದೆ ಅವಳು ಬೆಳಗಿನ ಮಾತುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು, ಚೆಲ್ಲಿದ ಅಕ್ಕಿಯನ್ನು ಮಣ್ಣಿನಿಂದ ಹೆಕ್ಕುವ ಹಾಗೆ. ಪ್ರಕಟಣೆ ಮುಗಿದ ಮೇಲೆ ಸದ್ದು ಹೊರಹೋಗದಂತೆ ಗೋಡೆಗೆಲ್ಲ ಮೊಟ್ಟೆಯ ರಟ್ಟಿನ ತಟ್ಟೆ ಅಂಟಿಸಿದ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರುವುದು ಅವಳ ರೂಢಿ. ಬಾಳೆಲೆಯಲ್ಲಿ ಕಟ್ಟಿ ತಂದ ಅಂಟಕ್ಕಿಯ ಅನ್ನವನ್ನು ಬಿಚ್ಚಿಕೊಂಡು, ಮಾತು ಬಿಟ್ಟಿರುವ ಹಳೆಯ ಗೆಳತಿ ಉಬೋನ್ ಎದುರಿಗೇ ಇದ್ದಾಳೆಂಬಂತೆ ಮಾತಾಡುತ್ತಾಳೆ. ತನ್ನ ಮಾತನ್ನು ತಾನು ಆಡುತ್ತಾಳೆ, ಉಬೋನ್‌ಳ ಮಾತನ್ನೂ ತಾನೇ ಆಡುತ್ತಾಳೆ, ಆ ಒಡಕು ದನಿಯಲ್ಲಿ, ಕೊನೆಯನ್ನು ಎಳೆದು, ದವಡೆಯಲ್ಲಿ ವೀಳ್ಯ ಇದ್ದವರಂತೆ. ಮನೆಯಲ್ಲಿ ಪ್ರಯತ್ನಿಸಿದ್ದಳು, ಬಂದಿರಲಿಲ್ಲ. ಅಲ್ಲಿ ಗೋಡೆಗಳು ಎಲ್ಲವನ್ನೂ ಹೊರಗೆ ಬಿಡುತ್ತವೆ. ಈ ಕೋಣೆಯಲ್ಲಿ ಮಾತ್ರ ಉಬೋನ್ ಬರುತ್ತಾಳೆ. ಏನೇ, ಇವತ್ತು ಏನಡುಗೆ, ಎಂದು ಲಮುನ್ ಕೇಳಿದ್ದಳು. ಹುಳಿಸಾರು ಕಣೇ, ಪರಂಗಿಕಾಯಿ ಹಾಕಿದೀನಿ, ನಿನ್ನ ಮಂಡಿನೋವು ಹೇಗಿದೆ? ಹೋದ ಪೂಜೆಯಲ್ಲಿ ರಂಪೈ ಮಾಡಿದ ಸಾರು ತಿಂದ್ಯಾ? ತಿನ್ನೋದಾ, ಅದು ಪಾತ್ರೆ ತೊಳೆದ ನೀರು. ಹಾಗೆಂದು ಉಬೋನ್ ನಕ್ಕಿದ್ದಳು, ಅಂದರೆ ಲಮುನ್ ನಕ್ಕಿದ್ದಳು, ಆಮೇಲೆ ಲಮುನ್ ತಾನಾಗಿ ನಕ್ಕಿದ್ದಳು. ಊರಿಗೆ ಎರಡು ನಗುವೂ ಕೇಳಿಸಿವೆ. ಅನ್ನ ಬೇಯುವಷ್ಟು ಹೊತ್ತು. ಮತ್ತೆ ಎಂದಿನಂತೆ ಕೊನೆಗೆ ಆ ಪ್ರಶ್ನೆ, ದಿನವೂ ಕೇಳಿದರೂ ಹಳತಾಗದ್ದು: ಇನ್ನೂ ಕೋಪ ಇದೆಯೇನೇ? ಯಾವ ಕೋಪ ಲಮುನ್, ಅದು ಯಾವತ್ತೋ ಕೊಳೆತು ಗೊಬ್ಬರ ಆಯ್ತು, ನಿನ್ನದೇನೂ ತಪ್ಪಿಲ್ಲ, ನಾನು ಮರೆತೂ ಆಯ್ತು. ಕಾಲುವೆಯ ಕಂಬ ಉಬೋನ್‌ಳ ಅಡುಗೆಮನೆಗೆ ಎದುರಾಗಿಯೇ ಇದೆ. ಇದನ್ನು ನೆನೆದಾಗ ಬೈಕು ತಾನಾಗಿ ನಿಂತಿತು.

ಆ ಕಂಬದ ಧ್ವನಿವರ್ಧಕಕ್ಕೆ ಉಬೋನ್ ಒಮ್ಮೆ ಗೋಣಿಚೀಲ ಕಟ್ಟಿದ್ದಳು. ಮುಖಂಡ ಜನ ಕಳಿಸಿ ಬಿಚ್ಚಿಸಿದ. ಅದಕ್ಕೂ ಮೊದಲು ಇಬ್ಬರೂ ಒಟ್ಟಿಗೇ ಕಾಯಿ ಸುಲಿಯುತ್ತಿದ್ದವರು, ಒಂದೇ ಪರಂಗಿಗೆ ಎರಡೂ ಕಡೆಯಿಂದ ಚಮಚ ಹಾಕುತ್ತಿದ್ದವರು. ಉಬೋನ್‌ಳ ಗಂಡ ಥವಿನ್ ಬೊಂಡಾಸು ಮೀನಿನ ದೋಣಿಗೆ ಹೋದ ರಾತ್ರಿಗಳಲ್ಲಿ ಲಮುನ್ ಅಲ್ಲೇ ಮಲಗುತ್ತಿದ್ದಳು. ಥವಿನ್‌ನ ಎದೆಯೊಳಗೆ ನೀರು ತುಂಬಿ ಪೇಟೆಯ ಆಸ್ಪತ್ರೆ ಸೇರಿದಾಗ ಉಬೋನ್ ಅವನ ಹಾಸಿಗೆಯ ಪಕ್ಕ ಚಾಪೆ ಹಾಸಿಕೊಂಡು ಉಳಿದಳು. ಹಾಗೆಂದೇ ಲಮುನ್ ತಿಳಿದಿದ್ದಳು. ಉಬೋನ್ ಬಟ್ಟೆ ಒಗೆದು ತರುತ್ತೇನೆಂದು ಅವನು ತೀರಿಕೊಳ್ಳುವ ಹಿಂದಿನ ಸಂಜೆ ಬಾಡಿಗೆ ಗಾಡಿ ಹತ್ತಿ ಮನೆಗೆ ಬಂದದ್ದು, ಅವಳ ಫೋನು ಚಾರ್ಜು ಇಲ್ಲದೆ ಸತ್ತುಬಿದ್ದದ್ದು, ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಮುಖಂಡ ಬಾಗಿಲಲ್ಲಿ ನಿಂತು, ಥವಿನ್ ಹೋದನಂತೆ ಅಕ್ಕ, ಹೇಳಿಬಿಡಿ, ಎಂದ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಗೆಳತಿಯ ಗಂಡ, ದನಿ ವಾಲಬಾರದು, ಸತ್ತವರಿಗೆ ಅದೇ ಮರ್ಯಾದೆ ಎಂದುಕೊಂಡು, ನೀರಿನ ತೆರಿಗೆಯ ಪ್ರಕಟಣೆ ಆದ ಮೇಲೆ ಅದೇ ನೆಟ್ಟಗಿನ ದನಿಯಲ್ಲಿ ಹೇಳಿದಳು. ಕಾಲುವೆಯಾಚೆ ಉಬೋನ್ ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳಂತೆ. ಒರಳಿನ ಸದ್ದು ನಿಂತದ್ದು ಪಕ್ಕದ ತೋಟದವರಿಗೆ ಕೇಳಿಸಿತಂತೆ. ದಹನದ ದಿನ ಲಮುನ್ ಕೈಮುಗಿದು ಮುಂದೆ ಹೋದಾಗ ಉಬೋನ್ ಅವಳ ಹಿಂದೆ ಯಾರಿದ್ದಾರೆಂದು ನೋಡುವವಳಂತೆ ಅವಳನ್ನು ದಾಟಿ ನೋಡಿದಳು. ಅಷ್ಟೇ. ಬೈಗುಳವಿಲ್ಲ, ಜಗಳವಿಲ್ಲ. ಜಗಳವಾಗಿದ್ದರೆ ಅದಕ್ಕೊಂದು ಕೊನೆ ಇರುತ್ತಿತ್ತು.

ಊರೊಳಗೆ ಹೋಗಲು ಮುಖವಿರಲಿಲ್ಲ. ಚೀಲದ ಮೀನು ಬಿಸಿಲಿಗೆ ಕೆಡುತ್ತದೆಂದು ಗೊತ್ತಿದ್ದೂ ಲಮುನ್ ಥಾಪ್ ಸಕೆ ಪೇಟೆಗೆ ಹೋಗಿ ಸಮುದ್ರದ ಕಟ್ಟೆಯ ಬಳಿಯ ನೂಡಲ್ ಗಾಡಿಯ ನೆರಳಿನಲ್ಲಿ ಕೂತಳು. ಇಲ್ಲಿ ಯಾರೂ ಅವಳನ್ನು ಬಲ್ಲವರಿಲ್ಲ. ಅದು ಮೊದಲು ತಣ್ಣಗೆ ಹಿತವಾಗಿತ್ತು. ಆಮೇಲೆ, ಇಲ್ಲೇ ಕೂತಲ್ಲೇ ಸತ್ತರೆ ಗಾಡಿಯವಳು ಯಾರಿಗೆ ಹೇಳಿ ಕಳಿಸುತ್ತಾಳೆ ಎಂಬ ಯೋಚನೆ ಬಂತು. ಮಧ್ಯಾಹ್ನದ ಸಮುದ್ರ ಬೆಳ್ಳಗೆ, ಅಲೆಯಿಲ್ಲದೆ, ಯಾರೋ ಮಡಿಸಲು ಮರೆತ ಹಾಸಿಗೆಯಂತೆ ಬಿದ್ದಿತ್ತು. ಆಗ ಪೇಟೆಯ ಕಂಬದಿಂದ ಒಂದು ಗಂಡು ದನಿ ಎದ್ದಿತು. ಬೀದಿಬದಿ ಗಾಡಿ ನಿಲ್ಲಿಸಬಾರದು, ನಾಳೆ ವಿದ್ಯುತ್ ಇರುವುದಿಲ್ಲ, ಅಂಚೆ ಕಚೇರಿಯ ಹಿಂದಿನ ಬೀದಿಯ ಇಂಥವರ ತಾಯಿ ತೀರಿಕೊಂಡಿದ್ದಾರೆ. ಲಮುನ್ ಜೀವಮಾನದಲ್ಲಿ ಮೊದಲ ಸಲವೋ ಎಂಬಂತೆ ಕೇಳಿಸಿಕೊಂಡಳು. ಒಳ್ಳೆಯ ದನಿ. ನೆಟ್ಟಗಿತ್ತು. ಗಾಡಿಯವಳು ಕೊತ್ತಂಬರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ, ಪಕ್ಕದ ಮೇಜಿನ ಗಂಡಸು ಸಾರಿಗೆ ಇನ್ನಷ್ಟು ಮೆಣಸಿನಪುಡಿ ಹಾಕಿಕೊಂಡ. ಲಮುನ್ ಕೂಡ ತುತ್ತು ನುಂಗಿದಳು. ನುಂಗಿದ ಮೇಲೆಯೇ ಅವಳಿಗೆ ಗೊತ್ತಾದದ್ದು, ತಾನೂ ನುಂಗಿದೆ ಎಂದು. ಅಂಚೆ ಕಚೇರಿಯ ಹಿಂದೆ ಈಗ ಯಾರೋ ಒಬ್ಬರು ಕೈಯಲ್ಲಿದ್ದುದನ್ನು ಹಾಗೇ ಹಿಡಿದು ನಿಂತಿರಬಹುದು. ಇಷ್ಟು ವರ್ಷ ಅವಳು ತನ್ನ ಧ್ವನಿಯನ್ನು ಮೈಕಿನ ಈಚೆಯಿಂದ ಮಾತ್ರ ಕೇಳಿದ್ದಳು. ಆಚೆಯಿಂದ ಅದು ಹೀಗಿರುತ್ತದೆ. ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮೈಕಿನ ಕೋಣೆಯ ಬೀಗದಕೈಯನ್ನು ಇವತ್ತೇ ರಂಪೈಗೆ ಕೊಟ್ಟುಬಿಡಬೇಕು ಎಂದುಕೊಂಡಳು. ಕೊಟ್ಟ ಮೇಲೆ ಬೆಳಿಗ್ಗೆ ಏಳುವುದು ಯಾತಕ್ಕೆ ಎಂಬುದರ ಮುಂದಕ್ಕೆ ಯೋಚನೆ ಹೋಗಲಿಲ್ಲ.

ಬೀಗದಕೈ ಕೊಡಲಿಲ್ಲ, ಮುಖಂಡನ ಮನೆಯ ಮುಂದೆ ಜನ ಕಂಡು ನೇರ ತೋಟಕ್ಕೆ ಬಂದಳು. ಬಿಸಿಲು ಇಳಿದು ತೆಂಗಿನ ನೆರಳುಗಳು ಉದ್ದಕ್ಕೆ ಮಲಗಿದ್ದವು. ಮೆಟ್ಟಿಲಿನ ಕೆಳಗಿನ ಹಂತದಲ್ಲಿ ಯಾರೋ ಕೂತಿದ್ದರು. ಚಪ್ಪಲಿ ಬಿಟ್ಟು, ಆದರೆ ಮೇಲೆ ಹತ್ತದೆ. ಉಬೋನ್ ಎಂದು ಗುರುತಿಸಲು ಲಮುನ್‌ಗೆ ತುಸು ಹೊತ್ತು ಹಿಡಿಯಿತು, ಏಕೆಂದರೆ ದಿನವೂ ಕೋಣೆಯಲ್ಲಿ ಮಾತಾಡುವ ಉಬೋನ್ ಇನ್ನೂ ದಪ್ಪಗಿದ್ದಳು, ತಲೆ ಕಪ್ಪಗಿತ್ತು. ಇವಳು ಒಣಗಿದ್ದಳು. ಕೂದಲನ್ನು ಗಂಡಸರಂತೆ ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು.

"ನಾನು ಹಾಗೆ ಮಾತಾಡಲ್ಲ," ಎಂದಳು ಉಬೋನ್.

ಅವಳ ದನಿಯಲ್ಲಿ ಒಡಕಿತ್ತು, ಎಳೆತ ಇರಲಿಲ್ಲ. ವೀಳ್ಯ ಯಾವಾಗಲೋ ಬಿಟ್ಟಿರಬೇಕು.

"ಕೊನೇಲಿ ಎಳೀತೀಯಲ್ಲ, ಆಡಿನ ಥರ. ನಾನು ಎಳೀತೀನಾ? ಇಷ್ಟು ವರ್ಷ ಜೊತೆಗಿದ್ದು ಅಷ್ಟೂ ಕಲೀಲಿಲ್ವಾ ನೀನು?"

"ಮೊದಲು ಎಳೀತಿದ್ದೆ," ಎಂದಳು ಲಮುನ್.

"ಹಾಂ. ಮೊದಲು." ಉಬೋನ್ ಸೊಳ್ಳೆ ಹೊಡೆದುಕೊಂಡಳು. "ರಂಪೈ ಸಾರು ಪಾತ್ರೆ ತೊಳೆದ ನೀರು ಅಂತ ನಾನು ಯಾವತ್ತು ಅಂದೆ? ಇನ್ನು ಅವಳ ಮುಖ ಹೇಗೆ ನೋಡ್ಲಿ ನಾನು?"

"ಅಂದಿಲ್ವಾ? ಮನಸಲ್ಲೂ?"

"ನನ್ನ ಮನಸಲ್ಲಿರೋದು ನಿನ್ನ ಬಾಯಿಗೆ ಯಾಕೆ ಬರಬೇಕು?"

ಲಮುನ್ ಬೈಕಿನ ಪಕ್ಕದಲ್ಲೇ ನಿಂತಿದ್ದಳು, ಮೀನಿನ ಚೀಲ ಕೈಯಲ್ಲಿ. ತನ್ನ ಮನೆಯ ಮುಂದೆ ತಾನು ನೆಂಟರಂತೆ ನಿಂತಿದ್ದೇನೆ ಎನ್ನಿಸಿತು. ನೀರು ಬೇಕಾ ಎಂದು ಕೇಳಬೇಕೆಂದುಕೊಂಡಳು. ಕೋಣೆಯಲ್ಲಾದರೆ ಈ ಹೊತ್ತಿಗೆ ಉಬೋನ್ ತಾನೇ ಕೇಳಿ, ಕುಡಿದು, ಬಾಯಿ ಒರೆಸಿಕೊಂಡಿರುತ್ತಿದ್ದಳು.

"ಬೆಳಿಗ್ಗೆಯಿಂದ ಮನೆಗೆ ಜನ," ಎಂದಳು ಉಬೋನ್. "ವಿಹಾರದ ಹಿರಿಯಮ್ಮ ಬಂದು, ಒಳ್ಳೇದು ಮಾಡಿದೆ ಉಬೋನ್, ಕ್ಷಮೆಗಿಂತ ದೊಡ್ಡ ಪುಣ್ಯ ಇಲ್ಲ ಅಂತ ಕೈ ಹಿಡ್ಕೊಂಡು ಅತ್ತಳು. ಅವಳು ಹೋದ ಮೇಲೆ ಸುನೀ ಬಂದು ಸಿಗಡಿ ಕೊಟ್ಟು ಹೋದಳು. ಪುಕ್ಕಟೆ. ಆ ಸುನೀ. ನಾನು ಕ್ಷಮಿಸಿದ್ದಕ್ಕೆ ಊರೆಲ್ಲ ಖುಷಿಯಾಗಿದೆ. ನನ್ನ ಕೇಳದೆ."

"ನಿನಗೆ ಕೇಳಿಸಲಿ ಅಂತ ಮಾಡಲಿಲ್ಲ ನಾನು. ಗುಂಡಿ—"

"ಗುಂಡಿ ವಿಷಯ ಗೊತ್ತು." ಉಬೋನ್ ಅವಳನ್ನು ನೋಡಿದಳು, ದಾಟಿ ಅಲ್ಲ, ಅವಳನ್ನೇ. "ನನ್ನ ಗಂಡ ಸತ್ತದ್ದೂ ನಿನ್ನ ಬಾಯಿಂದಾನೇ ಗೊತ್ತಾಯ್ತು ನನಗೆ. ಈಗ ನಾನು ಕ್ಷಮಿಸಿದ್ದೂ ನಿನ್ನ ಬಾಯಿಂದಾನೇ ಗೊತ್ತಾಗಬೇಕಾ?"

ತೋಟದಲ್ಲೆಲ್ಲೋ ಒಂದು ಒಣಗರಿ ಕಳಚಿ, ಮೈಯನ್ನೆಲ್ಲ ಮರಕ್ಕೆ ಉಜ್ಜಿಕೊಂಡು ಬಿತ್ತು. ಇಬ್ಬರೂ ಆ ಕಡೆ ನೋಡಿದರು, ಬಿದ್ದದ್ದು ಏನೆಂದು ಇಬ್ಬರಿಗೂ ಗೊತ್ತಿದ್ದರೂ.

"ಅವತ್ತು ಹೆಸರು ಹೇಳಿದೆಯಲ್ಲ," ಎಂದಳು ಉಬೋನ್, ಈಗ ಮೆಲ್ಲಗೆ. "ಥವಿನ್ ಅಂದಾಗ ಬೇರೆ ಯಾರೋ ಥವಿನ್ ಅಂದ್ಕೊಂಡೆ. ಪಾಪ, ಯಾರ ಮನೆಯೋ ಅಂತ. ಯಾಕೆ ಗೊತ್ತಾ? ನಿನ್ನ ದನಿ ನೋಡು. ಅಷ್ಟು ಸಲೀಸಾಗಿತ್ತು. ನನ್ನ ಥವಿನ್ ಆಗಿದ್ರೆ ಲಮುನ್ ಹೀಗೆ ಹೇಳ್ತಿರಲಿಲ್ಲ ಅಂದ್ಕೊಂಡೆ. ಆಮೇಲೆ ನೀನು ಮನೆ ಗುರುತು ಹೇಳಿದೆ."

"ನಡುಗಬಾರದು ಅಂತ ಮೇಜು ಗಟ್ಟಿ ಹಿಡ್ಕೊಂಡಿದ್ದೆ."

"ಯಾಕೆ ನಡುಗಬಾರದು?"

ದನಿ ನೆಟ್ಟಗಿದೆ ಮಗಳೇ ಎಂದು ಯಾರೋ ಹೇಳಿದ್ದರು, ಅದಕ್ಕೆ ಎಂದು ಹೇಳಲು ಲಮುನ್‌ಗೆ ನಾಚಿಕೆಯಾಯಿತು. ಇಷ್ಟು ವರ್ಷ ತಾನು ಅಪರಾಧ ಎಂದುಕೊಂಡಿದ್ದು ಹೇಳಿದ್ದನ್ನು. ಉಬೋನ್ ಎದೆಯಲ್ಲಿಟ್ಟುಕೊಂಡದ್ದು ಹೇಳಿದ ಬಗೆಯನ್ನು. ಕೋಣೆಯಲ್ಲಿ ಅಷ್ಟು ಸಲ ಕ್ಷಮಿಸಿದ ಉಬೋನ್‌ಗೆ ಏನನ್ನು ಕ್ಷಮಿಸಬೇಕೆಂಬುದೇ ಗೊತ್ತಿರಲಿಲ್ಲ.

"ನಾನು ಕ್ಷಮಿಸಿಲ್ಲ," ಎಂದು ಉಬೋನ್ ಎದ್ದಳು, ಮಂಡಿ ಹಿಡಿದುಕೊಂಡು. ಮಂಡಿನೋವು ತನ್ನಂತೆ ಅವಳಿಗೂ ಇತ್ತು; ಅದೂ ಲಮುನ್‌ಗೆ ತಿಳಿದಿರಲಿಲ್ಲ. "ಅದನ್ನ ಹೇಳೋಕೆ ಬಂದೆ. ನಾಳೆ ಮೈಕಲ್ಲಿ ಹೇಳು. ಅವು ನನ್ನ ಮಾತಲ್ಲ ಅಂತ. ರಂಪೈ ಸಾರಿನದ್ದೂ ಸೇರಿಸಿ. ಎಲ್ಲರಿಗೂ ಕೇಳಿಸೋ ಹಾಗೆ ಹೇಳು."

ಚಪ್ಪಲಿ ಮೆಟ್ಟಿ, ಮರಗಳ ನಡುವೆ, ಒಮ್ಮೆಯೂ ತಿರುಗದೆ ಹೋದಳು. ಲಮುನ್ ಮೀನು ತೊಳೆಯಲು ಕೂತಾಗ ಅವು ಮೆತ್ತಗಾಗಿದ್ದವು. ಒಂದೂ ಉಳಿಸದೆ ತೆಂಗಿನ ಬುಡಕ್ಕೆ ಹೂತಳು.

ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ಮುಖಂಡ ಕಂಪೋನ್ ನಿಂತಿದ್ದ. ಅಕ್ಕ, ಇವತ್ತು ಬೇಡವಾಗಿತ್ತು, ಎಂದ. ಇವತ್ತು ಒಂದು ಸಲ, ಎಂದಳು ಅವಳು. ಅವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದ. ನಾಯಿಗಳ ಚುಚ್ಚುಮದ್ದು ಮಧ್ಯಾಹ್ನಕ್ಕೆ ಮುಂದೆ ಹೋಗಿದೆ ಎಂದು ಹೇಳಿದಳು. ಔಷಧಿ ತೆಗೆದುಕೊಳ್ಳದವರು ತೆಗೆದುಕೊಳ್ಳಬೇಕು ಎಂದು ಹೇಳಿದಳು. ಆಮೇಲೆ ಉಗುಳು ನುಂಗಿದಳು, ಅದೂ ಕಂಬದಿಂದ ಕಂಬಕ್ಕೆ ಹೋಯಿತು.

"ಇನ್ನೊಂದು ಪ್ರಕಟಣೆ. ನಿನ್ನೆ ಬೆಳಿಗ್ಗೆ ಕಾಲುವೆಯಾಚೆಯ ಉಬೋನ್ ಅವರ ಹೆಸರಿನಲ್ಲಿ ಕೇಳಿಬಂದ ಮಾತುಗಳು ಅವರದಲ್ಲ. ಅವನ್ನೆಲ್ಲ ಆಡಿದವಳು ನಾನು. ರಂಪೈ ಅವರ ಸಾರಿನ ಬಗ್ಗೆ ಉಬೋನ್ ಅವರು ಏನೂ ಅಂದಿಲ್ಲ." ಕೈಗಳು ಮೇಜಿನ ಅಂಚನ್ನು ಹುಡುಕಿದವು. ಅವಳು ಅವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಉಬೋನ್ ಅವರು... ಅವರ ಗಂಡ, ಥವಿನ್..." ಇಲ್ಲಿ ದನಿ ವಾಲಿತು. ಗಾಳಿಗೆ ಸಿಕ್ಕ ದೋಣಿಯಂತೆ ಒಂದು ಕಡೆಗೆ ಹೋಗಿ, ಇನ್ನೊಂದು ಕಡೆಗೆ ಹೋಗಿ, ನಡುವೆ ನಿಲ್ಲಲಾರದೆ ಹೋಯಿತು. ಬಾಗಿಲಲ್ಲಿ ಕಂಪೋನ್ ನೆಲ ನೋಡುತ್ತಿದ್ದ. "ಉಬೋನ್ ಅವರು ನನ್ನನ್ನು ಕ್ಷಮಿಸಿಲ್ಲ. ಇಷ್ಟೇ ಪ್ರಕಟಣೆ."

ಗುಂಡಿಯನ್ನು ಕೆಂಪು ದೀಪ ಆರುವ ತನಕ ತಿರುಗಿಸಿ, ತಂತಿಯನ್ನೂ ಗೋಡೆಯಿಂದ ಕಿತ್ತಳು. ಕಂಪೋನ್ ಹೊರಟುಹೋದ. ಅವಳು ಬಾಗಿಲು ಹಾಕಿಕೊಂಡು ಕೂತಳು, ರೂಢಿಯಂತೆ. ಏನೇ, ಎಂದಳು. ಕಾದಳು. ಇನ್ನೊಮ್ಮೆ ಗಂಟಲನ್ನು ಒಡಕು ಮಾಡಿ ಉತ್ತರ ತರಲು ನೋಡಿದಳು. ಬಾಯಿಂದ ಬಂದದ್ದು ತನ್ನದೇ ದನಿ. ದಪ್ಪಗಿನ, ಕಪ್ಪು ತಲೆಯ, ಎಲ್ಲಕ್ಕೂ ಹೂಂ ಅನ್ನುವ ಆ ಉಬೋನ್ ನಿನ್ನೆ ಸಂಜೆ ಮೆಟ್ಟಿಲ ಬಳಿಯೇ ಸತ್ತುಹೋಗಿದ್ದಳು, ಅವಳಿಗಾಗಿ ಪ್ರಕಟಣೆ ಕೊಡುವವರು ಯಾರೂ ಇರಲಿಲ್ಲ. ಮೊಟ್ಟೆಯ ತಟ್ಟೆಯ ಸಾವಿರ ಕುಳಿಗಳು ಗೋಡೆಯಿಂದ ಅವಳನ್ನು ನೋಡಿದವು. ಇಷ್ಟು ನಿಶ್ಶಬ್ದ ಈ ಕೋಣೆಯಲ್ಲಿ ಇತ್ತೆಂಬುದೇ ಅವಳಿಗೆ ತಿಳಿದಿರಲಿಲ್ಲ.

ಹೊರಗೆ ಬಂದು ಬೈಕು ಹತ್ತಿದಳು. ಮನೆಯ ದಾರಿ ಬಿಟ್ಟು ಕಾಲುವೆಯ ದಾರಿ ಹಿಡಿದದ್ದು ನಿರ್ಧಾರ ಮಾಡಿ ಅಲ್ಲ. ಮನೆಯ ದಾರಿಯ ಕೊನೆಗೆ ಮನೆ ಮಾತ್ರ ಇತ್ತು, ಅದಕ್ಕೆ. ಹಲಗೆಯ ಸೇತುವೆಯ ಈಚೆಗೆ ಬೈಕು ನಿಲ್ಲಿಸಿದಳು. ಆಚೆ ದಡದಲ್ಲಿ ಉಬೋನ್ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಚುಚ್ಚಿ, ತಿರುಚಿ, ಸಿಪ್ಪೆ ಸುಲಿಯುತ್ತಿದ್ದಳು. ನೀರು ಇಳಿದಿತ್ತು, ಕೆಸರಿನಲ್ಲಿ ಏಡಿಗಳು ಓಡಾಡಿ ನಿಂತವು. ಲಮುನ್ ಸೇತುವೆ ದಾಟಲಿಲ್ಲ. ಏನು ಹೇಳಬೇಕೆಂದು ಯೋಚಿಸಿಕೊಂಡೂ ಬಂದಿರಲಿಲ್ಲ.

ಉಬೋನ್ ತಲೆಯೆತ್ತದೆ ಇನ್ನೊಂದು ಕಾಯಿ ಎತ್ತಿಕೊಂಡಳು.

"ದನಿ ನಡುಗ್ತಿತ್ತು," ಎಂದಳು.

"ಹೂಂ," ಎಂದಳು ಲಮುನ್.

ಉಬೋನ್ ಕಾಯಿಯನ್ನು ಮೊನೆಗೆ ಚುಚ್ಚಿದಳು, ಆದರೆ ತಿರುಚಲಿಲ್ಲ. ಎರಡೂ ಕೈ ಅದರ ಮೇಲೆ ಊರಿ ನೀರಿನ ಕಡೆ ನೋಡುತ್ತ ನಿಂತಳು. ಏನೋ ಹೇಳುವವಳಂತೆ ಅವಳ ದವಡೆ ಅಲುಗಿತು. ಮುಂದೆ ಅವಳು ಏನು ಹೇಳುತ್ತಾಳೆಂಬುದು ಲಮುನ್‌ಗೆ ಗೊತ್ತಿರಲಿಲ್ಲ. ಬೈಯಬಹುದು, ಹೋಗು ಎನ್ನಬಹುದು, ಏನೂ ಹೇಳದೆಯೂ ಇರಬಹುದು. ಲಮುನ್ ಬಾಯಿ ಮುಚ್ಚಿಕೊಂಡು, ಕಿವಿಗೊಟ್ಟು, ಈಚೆ ದಡದಲ್ಲಿ ಕಾಯುತ್ತ ನಿಂತಳು.